ಮುಂದೆ ಹೋದ ನಾಯಿ ತಿರುಗಿ ನೋಡಬೇಕು

ಇವತ್ತು ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಒಂದೇ ವಿಷಯ. ನಾಯಿಯನ್ನು ಹೊರಗೆ ಕರೆದುಕೊಂಡು ಹೋದಾಗ ಅದು ಸಾಮಾನ್ಯವಾಗಿ ನಮಗಿಂತ ಮುಂದೆ ನಡೆಯುತ್ತದೆ. ಹತ್ತು ಹೆಜ್ಜೆ ಹೋಗಿ, ಕುತ್ತಿಗೆ ತಿರುಗಿಸಿ ಒಮ್ಮೆ ನಮ್ಮ ಕಡೆ ನೋಡುತ್ತದೆ. ಅರ್ಧ ಸೆಕೆಂಡು ಅಷ್ಟೇ, ಆಮೇಲೆ ಮತ್ತೆ ಮುಂದಕ್ಕೆ. ನಾಯಿ ಸಾಕಿದವರೆಲ್ಲ ಇದನ್ನು ನೋಡಿರುತ್ತೀರಿ. ಆ ಹೊತ್ತಿಗೆ ನೀವೇನು ಮಾಡುತ್ತೀರಿ ಅಂತ ಕೇಳಿದರೆ ಹೆಚ್ಚಿನವರಿಗೆ ಉತ್ತರ ಹೊಳೆಯುವುದಿಲ್ಲ. ಮೊಬೈಲ್ ನೋಡುತ್ತಿರುತ್ತೇವೆ, ಜೊತೆಯವರ ಹತ್ತಿರ ಮಾತಾಡುತ್ತಿರುತ್ತೇವೆ, ಆಫೀಸಿಗೆ ಹೊತ್ತಾಯಿತು ಅಂತ ಚೈನು ಎಳೆಯುತ್ತಿರುತ್ತೇವೆ. ತರಬೇತಿ ಅನ್ನುವುದು, ನಂಟು ಅನ್ನುವುದು ಎಲ್ಲ ಶುರುವಾಗುವುದು ಆ ಅರ್ಧ ಸೆಕೆಂಡಿನಲ್ಲಿ. ಇಷ್ಟು ವರ್ಷ ನಾಯಿಗಳ ಜೊತೆ ರಸ್ತೆಯಲ್ಲಿ, ಕೆರೆ ಏರಿಯ ಮೇಲೆ, ತೋಟದ ದಾರಿಯಲ್ಲಿ ನಡೆದ ಮೇಲೆ ನನ್ನಲ್ಲಿ ಗಟ್ಟಿಯಾಗಿರುವ ನಂಬಿಕೆ ಇದು.

ಇದು ಬರೀ ನನ್ನ ನಂಬಿಕೆಯಲ್ಲ. 2003ರಲ್ಲಿ ಹಂಗೇರಿಯ ಬುಡಾಪೆಸ್ಟ್‌ನ ವಿಜ್ಞಾನಿಗಳು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ತೋಳದ ಮರಿಗಳನ್ನು ಹುಟ್ಟಿದ ಕೆಲವೇ ದಿನಗಳಲ್ಲಿ ತಂದು, ಬಾಟಲಿ ಹಾಲು ಕುಡಿಸಿ, ನಾಯಿಮರಿಗಳನ್ನು ಸಾಕಿದ ಹಾಗೆಯೇ ಮನುಷ್ಯರ ಮಡಿಲಲ್ಲಿ ಬೆಳೆಸಿದ್ದರು. ದೊಡ್ಡವಾದ ಮೇಲೆ ಆ ತೋಳಗಳಿಗೂ ನಾಯಿಗಳಿಗೂ ಒಂದೇ ಕೆಲಸ ಕೊಟ್ಟರು: ಡಬ್ಬಿ ತೆರೆದರೆ ಮಾಂಸ, ಹಗ್ಗ ಎಳೆದರೆ ಮಾಂಸ. ಎರಡೂ ಕಲಿತವು. ಆಮೇಲೆ ಡಬ್ಬಿ ತೆರೆಯದ ಹಾಗೆ, ಹಗ್ಗ ಬರದ ಹಾಗೆ ಬಿಗಿದುಬಿಟ್ಟರು. ತೋಳ ಮತ್ತೆ ಮತ್ತೆ ಅದನ್ನೇ ಪ್ರಯತ್ನಿಸಿತು. ನಾಯಿ ಸ್ವಲ್ಪ ಹೊತ್ತು ಎಳೆದು ನೋಡಿ, ಹಿಂದೆ ನಿಂತಿದ್ದ ಮನುಷ್ಯನ ಮುಖ ನೋಡಿತು. ‘ಇದು ಬರ್ತಿಲ್ಲವಲ್ಲ, ಏನು ಮಾಡಲಿ’ ಎಂಬಂತೆ. ಒಂದೇ ರೀತಿ ಬೆಳೆದರೂ ತೋಳಕ್ಕೆ ಆ ನೋಟ ಬರಲಿಲ್ಲ. ಸಾವಿರಾರು ವರ್ಷ ನಮ್ಮ ಜೊತೆ ಬದುಕಿ ನಾಯಿ ಪಡೆದುಕೊಂಡಿದ್ದು ಅದು.

ಇನ್ನೊಂದು ಪ್ರಯೋಗ 2015ರದ್ದು, ಜಪಾನಿನ ಅಜಾಬು ವಿಶ್ವವಿದ್ಯಾಲಯದ್ದು. ಯಜಮಾನ ಮತ್ತು ನಾಯಿಯನ್ನು ಅರ್ಧ ಗಂಟೆ ಒಂದು ಕೋಣೆಯಲ್ಲಿ ಬಿಟ್ಟರು. ಮೊದಲೂ ಆಮೇಲೂ ಇಬ್ಬರ ಮೂತ್ರದಲ್ಲಿ ಆಕ್ಸಿಟೋಸಿನ್ ಎಷ್ಟಿದೆ ಎಂದು ಅಳೆದರು. ತಾಯಿ ಮಗುವಿಗೆ ಹಾಲೂಡಿಸುವಾಗ ಏರುವ ಹಾರ್ಮೋನು ಅದು. ಯಾವ ನಾಯಿಗಳು ಯಜಮಾನನ ಮುಖವನ್ನು ಹೆಚ್ಚು ಹೊತ್ತು ನೋಡಿದ್ದವೋ, ಅಲ್ಲಿ ನಾಯಿಯಲ್ಲೂ ಯಜಮಾನನಲ್ಲೂ ಆಕ್ಸಿಟೋಸಿನ್ ಏರಿತ್ತು. ಸಾಕಿದ ತೋಳಗಳಲ್ಲಿ ಹಾಗಾಗಲಿಲ್ಲ. ಇಲ್ಲಿ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಇದನ್ನು ಕೇಳಿ ಹೋಗಿ ಗುರುತಿಲ್ಲದ ನಾಯಿಯ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಪರಿಚಯವಿಲ್ಲದ ನಾಯಿಗೆ ದಿಟ್ಟಿಸಿದ ನೋಟ ಅಂದರೆ ಜಗಳಕ್ಕೆ ಕರೆದ ಹಾಗೆ. ನಾನು ಹೇಳುತ್ತಿರುವುದು ನಿಮ್ಮ ನಾಯಿ ತಾನಾಗಿ ಕೊಡುವ ನೋಟದ ಬಗ್ಗೆ.

ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ನಾನು ನೋಡಿದ್ದನ್ನು ಹೇಳುತ್ತೇನೆ. ಅಲ್ಲಿನ ರೈಟರು, ಅಂದರೆ ತೋಟದ ಕೆಲಸ ಲೆಕ್ಕ ನೋಡಿಕೊಳ್ಳುವವರು, ದಿನಾ ಬೆಳಿಗ್ಗೆ ಆಳುಗಳ ಹಾಜರಿ ಮುಗಿಸಿ ತೋಟ ಸುತ್ತಲು ಹೊರಡುತ್ತಾರೆ. ಅವರ ಮುಂದೆ ಒಂದು ಕರಿ ನಾಡುನಾಯಿ. ಬೆಲ್ಟಿಲ್ಲ, ಚೈನಿಲ್ಲ. ಕಾಫಿ ಗಿಡಗಳ ನಡುವಿನ ದಾರಿ ನಿಮಗೆ ಗೊತ್ತಲ್ಲ, ಇಪ್ಪತ್ತು ಹೆಜ್ಜೆಗೊಂದು ತಿರುವು, ಆಚೆ ಏನಿದೆ ಅಂತ ಕಾಣುವುದಿಲ್ಲ. ಆ ನಾಯಿ ಪ್ರತಿ ತಿರುವಿನಲ್ಲೂ ನಿಲ್ಲುತ್ತಿತ್ತು. ಒಂದು ಮುಂಗಾಲು ಎತ್ತಿಕೊಂಡೇ ಹಿಂದೆ ನೋಡುತ್ತಿತ್ತು. ಇವರು ತಲೆ ಎತ್ತಿ ‘ಹ್ಞೂಂ’ ಅನ್ನುತ್ತಿದ್ದರು. ಕಾಲು ನೆಲಕ್ಕಿಟ್ಟು ಅದು ತಿರುವು ದಾಟುತ್ತಿತ್ತು. ಒಂದು ಕಡೆ ಇವರು ಕವಲು ದಾರಿಯಲ್ಲಿ ಎಡಕ್ಕೆ ಹೋಗಬೇಕಿತ್ತು, ನಾಯಿ ಬಲಕ್ಕೆ ಹೋಗಿ ನಿಂತು ನೋಡಿತು. ‘ಹ್ಞೂಂ’ ಬರಲಿಲ್ಲ. ಅದಾಗೇ ವಾಪಸು ಬಂದು ಎಡದ ದಾರಿ ಹಿಡಿಯಿತು.

‘ಇದಕ್ಕೆ ಹ್ಯಾಗ್ ಕಲಿಸಿದ್ರಿ?’ ಅಂತ ಕೇಳಿದೆ. ‘ಕಲಿಸೋದೇನು ಬಂತು ಸಾರ್, ಮರಿಯಿಂದ ನನ್ ಜೊತೇಲೇ ಸುತ್ತತ್ತೆ. ಅದು ನೋಡ್ದಾಗ ನಾನೂ ನೋಡ್ತೀನಿ’ ಅಂದರು.

ಸಾವಿರಾರು ರೂಪಾಯಿ ಕೊಟ್ಟು ತರಬೇತಿಗೆ ಸೇರಿಸುವವರಿಗೂ ನಾನು ಕೊನೆಗೆ ಹೇಳಿಕೊಡುವುದು ಇದನ್ನೇ. ಉತ್ತರ ಕರ್ನಾಟಕದ ಕುರಿಗಾಹಿಗಳ ನಾಯಿಗಳನ್ನು ನೋಡಿ. ಮಂದೆಯ ಜೊತೆ ತಿಂಗಳುಗಟ್ಟಲೆ ಊರೂರು ಅಲೆಯುತ್ತವೆ. ಯಾರೂ ಪಾಠ ಮಾಡಿರುವುದಿಲ್ಲ. ಮರಿಯಾಗಿದ್ದಾಗಿನಿಂದ ಕುರಿಮರಿಗಳ ನಡುವೆಯೇ ಮಲಗಿ, ದೊಡ್ಡ ನಾಯಿ ನಡೆದ ಹಾಗೆ ನಡೆದು ಕಲಿತಿರುತ್ತವೆ. ನಮ್ಮ ಸಮಸ್ಯೆ ಏನೆಂದರೆ, ನಗರದ ನಾಯಿಗೆ ದಿನಕ್ಕೆ ಇಪ್ಪತ್ತಮೂರು ಗಂಟೆ ಫ್ಲಾಟು, ಒಂದು ಗಂಟೆ ರಸ್ತೆ. ಆ ಒಂದು ಗಂಟೆಯಲ್ಲಿ ಅದಕ್ಕೆ ಲೋಕವೆಲ್ಲ ಬೇಕು, ನಾವು ಬೇಡ. ಹಾಗಾಗಿ ಅದು ತಿರುಗಿ ನೋಡುವುದನ್ನು ನಾವು ಬೇಕೆಂದೇ ಬೆಳೆಸಬೇಕಾಗುತ್ತದೆ.

ಹೇಗೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಅವಸರ ಮಾಡುವುದು ಇಲ್ಲೇ.

ಮನೆಯೊಳಗೆ ಶುರು ಮಾಡಿ. ಜೇಬಿನಲ್ಲಿ ಬೇಯಿಸಿದ ಕೋಳಿಯ ಸಣ್ಣ ಚೂರುಗಳು, ಮಾಂಸ ತಿನ್ನದ ಮನೆಯಾದರೆ ಪನೀರು ಅಥವಾ ಬೇಯಿಸಿದ ಗೆಣಸು. ಕಡಲೆಕಾಳಿನಷ್ಟು ಚೂರು ಸಾಕು. ಗ್ಲೂಕೋಸ್ ಬಿಸ್ಕತ್ತು ಬೇಡ, ಬರೀ ಸಕ್ಕರೆ ಮೈದಾ. ನಾಯಿಯನ್ನು ಕರೆಯಬೇಡಿ. ನೀವು ನಿಮ್ಮ ಕೆಲಸ ಮಾಡಿಕೊಂಡಿರಿ. ಅದು ತಾನಾಗಿ ನಿಮ್ಮ ಮುಖ ನೋಡಿದ ತಕ್ಷಣ ‘ಜಾಣ’ ಅನ್ನಿ, ಒಂದು ಚೂರು ಕೊಡಿ. ಪದ ಯಾವುದಾದರೂ ಆಗಲಿ, ಮನೆಯವರೆಲ್ಲ ಅದೇ ಪದ ಬಳಸಬೇಕು. ಅಜ್ಜಿ ಒಂದು, ಮೊಮ್ಮಗ ಒಂದು ಹೇಳಿದರೆ ನಾಯಿಗೆ ಗೊಂದಲ. ನಾಲ್ಕೈದು ದಿನದಲ್ಲಿ ನಾಯಿ ನಿಮ್ಮನ್ನು ನೋಡುವುದು ಎಷ್ಟು ಹೆಚ್ಚುತ್ತದೆ ಎಂದರೆ ಮನೆಯವರಿಗೇ ಆಶ್ಚರ್ಯವಾಗುತ್ತದೆ. ಆಮೇಲೆ ತಾರಸಿ, ಆಮೇಲೆ ಅಪಾರ್ಟ್‌ಮೆಂಟಿನ ಕೆಳಗಡೆ, ಆಮೇಲೆ ಜನ ಓಡಾಡದ ಖಾಲಿ ಸೈಟು, ಆಮೇಲೆ ರಸ್ತೆ. ಬೆಟ್ಟ, ಕಾಡಂಚು ಎಲ್ಲಕ್ಕಿಂತ ಕೊನೆಗೆ. ತಾರಸಿಯಲ್ಲಿ ನೋಡುವ ನಾಯಿ ರಸ್ತೆಯಲ್ಲಿ ನೋಡಲಿಲ್ಲ ಅಂದರೆ ಅದು ಹಟವಲ್ಲ. ರಸ್ತೆಯ ವಾಸನೆ, ಸದ್ದು ಅದಕ್ಕೆ ತುಂಬಾ ಹೆಚ್ಚಾಯಿತು ಅಂತ ಅರ್ಥ. ಒಂದು ಮೆಟ್ಟಿಲು ಹಿಂದೆ ಬನ್ನಿ.

ಖಾಲಿ ಸೈಟಿಗೆ ಬಂದಾಗ ಎಂಟು ಹತ್ತು ಮೀಟರ್ ಉದ್ದದ ಹಗ್ಗ ಬಳಸಿ. ಅದನ್ನು ಕುತ್ತಿಗೆಯ ಬೆಲ್ಟಿಗೆ ಕಟ್ಟಬೇಡಿ, ಎದೆಗೆ ಹಾಕುವ ಹಾರ್ನೆಸ್‌ಗೆ ಸಿಕ್ಕಿಸಿ. ನಾಯಿ ಓಡಿ ಹಗ್ಗ ತೀರಿದಾಗ ಆ ಜಗ್ಗು ಕುತ್ತಿಗೆಗೆ ಬಿದ್ದರೆ ಶ್ವಾಸನಾಳಕ್ಕೆ ಪೆಟ್ಟು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಲೂಬೇಡಿ, ಬೆರಳು ಮುರಿದುಕೊಂಡವರಿದ್ದಾರೆ. ಹಗ್ಗ ನೆಲದ ಮೇಲೆ ಹರಿದಾಡಲಿ. ನಾಯಿ ಎಲ್ಲಿ ಬೇಕಾದರೂ ಹೋಗಲಿ. ನೀವು ದಿಕ್ಕು ಬದಲಿಸುತ್ತಾ ನಡೆಯಿರಿ, ಬಾಯಲ್ಲಿ ಏನೂ ಹೇಳಬೇಡಿ. ‘ಅರೆ, ಇವರು ಎಲ್ಲಿ ಹೋದರು’ ಅಂತ ಅದು ತಲೆ ಎತ್ತಿದ ಕ್ಷಣ ಹೊಗಳಿ, ಓಡಿ ಬಂದರೆ ಎರಡು ಚೂರು ಕೊಡಿ, ಮತ್ತೆ ‘ಹೋಗು’ ಅಂತ ಕಳಿಸಿ.

ಆ ‘ಹೋಗು’ ಇದೆಯಲ್ಲ, ಅದು ಬಹಳ ಮುಖ್ಯ. ನಮ್ಮ ನಾಯಿಗಳು ಕರೆದರೆ ಯಾಕೆ ಬರುವುದಿಲ್ಲ, ಯೋಚನೆ ಮಾಡಿ. ನಾವು ಯಾವಾಗ ಕರೆಯುತ್ತೇವೆ? ಆಟ ಮುಗಿಸುವಾಗ, ಚೈನು ಹಾಕುವಾಗ, ಸ್ನಾನ ಮಾಡಿಸುವಾಗ, ಮಾತ್ರೆ ನುಂಗಿಸುವಾಗ. ‘ಬಾ’ ಅಂದರೆ ಒಳ್ಳೆಯದೆಲ್ಲ ಮುಗಿಯಿತು ಅಂತ ನಾಯಿ ಕಲಿಯುತ್ತದೆ, ಅದೂ ಬಹಳ ಬೇಗ ಕಲಿಯುತ್ತದೆ. ಹತ್ತು ಸಲ ಕರೆದರೆ ಒಂಬತ್ತು ಸಲ ತಿನ್ನಲು ಕೊಟ್ಟು, ಮೈ ಸವರಿ, ವಾಪಸು ಆಟಕ್ಕೆ ಬಿಡಬೇಕು. ಮನೆಗೆ ಹೊರಡಬೇಕಾದಾಗ ಕರೆಯಬೇಡಿ, ನೀವೇ ಹೋಗಿ ಸ್ವಲ್ಪ ಹೊತ್ತು ಜೊತೆಗೆ ನಿಂತು ಚೈನು ಹಾಕಿ. ಹತ್ತು ನಿಮಿಷ ಸತಾಯಿಸಿ ಕೊನೆಗೆ ಬಂದ ನಾಯಿಗೆ ಒಂದೇಟು ಹಾಕಬೇಕು ಅನ್ನಿಸುತ್ತದೆ, ನಿಜ. ಹಾಕಿದರೆ ಅದರ ಲೆಕ್ಕದಲ್ಲಿ ಏಟು ಬಿದ್ದಿದ್ದು ಓಡಿದ್ದಕ್ಕಲ್ಲ, ಬಂದಿದ್ದಕ್ಕೆ.

ಸೀಟಿ ಬಳಸಿ ಅಂತ ಹಲವರಿಗೆ ಹೇಳುತ್ತೇನೆ. ಬೆಟ್ಟದಲ್ಲಿ ಗಾಳಿಗೆ ದನಿ ಹರಿದುಹೋಗುತ್ತದೆ, ಸೀಟಿ ದೂರ ಕೇಳುತ್ತದೆ. ಇನ್ನೊಂದು ಕಾರಣ, ನಮಗೆ ಗಾಬರಿಯೋ ಸಿಟ್ಟೋ ಬಂದಾಗ ದನಿ ಬದಲಾಗುತ್ತದೆ. ಸೀಟಿಯ ದನಿ ಬದಲಾಗುವುದಿಲ್ಲ.

ಬೆಂಗಳೂರಿನ ಒಂದು ಮನೆಯ ಬೀಗಲ್ ನೆನಪಾಗುತ್ತದೆ. ಬೀಗಲ್ ಅಂದರೆ ಮೊಲದ ವಾಸನೆ ಹಿಡಿದು ಹೋಗಲೆಂದೇ ತಲೆಮಾರುಗಳಿಂದ ಬೆಳೆಸಿದ ತಳಿ. ಮೂಗು ನೆಲಕ್ಕೆ ಮುಟ್ಟಿತೆಂದರೆ ಕಿವಿ ಮುಚ್ಚಿದ ಹಾಗೆ. ಆ ಮನೆಯಾಕೆ ‘ಇದಕ್ಕೆ ನಾನು ಬೇಡವೇ ಬೇಡ ಅನ್ನಿಸುತ್ತೆ’ ಅಂತ ಬೇಜಾರು ಮಾಡಿಕೊಂಡಿದ್ದರು. ಅವರಿಗೆ ನಾನು ಕೊಟ್ಟ ಸಲಹೆ, ಅದು ಮೂಸುತ್ತಿರುವಾಗ ಎಳೆಯಬೇಡಿ, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಅದು ಮೂಸುತ್ತಿರುವ ಜಾಗವನ್ನೇ ನೀವೂ ನೋಡಿ. ಅದು ಮೂಸಿ ಮುಗಿಸಿ ತಲೆ ಎತ್ತುವವರೆಗೆ ಕಾಯಿರಿ. ತಲೆ ಎತ್ತಿದಾಗ ನಿಮ್ಮ ಮುಖ ಅಲ್ಲೇ ಇರುತ್ತದೆ. ಮೊದಲ ವಾರ ಒಂದು ರಸ್ತೆ ದಾಟಲು ಅರ್ಧ ಗಂಟೆ ಹಿಡಿಯಿತು. ತಿಂಗಳು ಕಳೆಯುವಷ್ಟರಲ್ಲಿ ಒಳ್ಳೆಯ ವಾಸನೆ ಸಿಕ್ಕಿದರೆ ಆ ನಾಯಿ ಇವರನ್ನು ಕರೆಯುವಂತೆ ತಿರುಗಿ ನೋಡತೊಡಗಿತು. ಈಗ ಇಬ್ಬರೂ ಸೇರಿ ಮೂಸುತ್ತೇವೆ ಅಂತ ಆಕೆ ಹೇಳಿದಾಗ ಅವರ ಮುಖ ನೋಡಬೇಕಿತ್ತು ನೀವು.

ಮೂಸುವುದರ ಬಗ್ಗೆ ಇನ್ನೆರಡು ಮಾತು. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಸುಮಾರು 50-60 ಲಕ್ಷ. ನಾಯಿಯ ಮೂಗಿನಲ್ಲಿ, ತಳಿಗೆ ತಕ್ಕಂತೆ, 20-30 ಕೋಟಿ. ಒಂದು ಲೈಟು ಕಂಬದಲ್ಲಿ ಯಾವ ನಾಯಿ ಬಂದಿತ್ತು, ಗಂಡೋ ಹೆಣ್ಣೋ, ಬೆದೆಗೆ ಬಂದಿದೆಯೋ, ಎಲ್ಲ ಅದಕ್ಕೆ ತಿಳಿಯುತ್ತದೆ. ಅರ್ಧ ಗಂಟೆ ಮೂಸುತ್ತಾ ನಡೆದ ನಾಯಿ ಒಂದು ಗಂಟೆ ಓಡಿದ ನಾಯಿಗಿಂತ ತಣ್ಣಗೆ ಮನೆಗೆ ಬಂದು ಮಲಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಎಷ್ಟು ಕಿಲೋಮೀಟರ್ ಆಯಿತು ಅಂತ ವಾಚು ನೋಡುವುದು ನಮ್ಮ ಅಗತ್ಯ, ಅದರದ್ದಲ್ಲ.

ಎಳೆಯುವ ನಾಯಿಗೆ ಏನು ಮಾಡಬೇಕು ಅಂತ ಯಾವಾಗಲೂ ಕೇಳುತ್ತೀರಿ. ಎಳೆದಾಗ ನಿಲ್ಲಿ. ಚೈನು ಸಡಿಲವಾದಾಗ ಹೊರಡಿ. ಇಷ್ಟೇ. ಎಳೆದರೆ ಮುಂದೆ ಹೋಗಬಹುದು ಅಂತ ಅದಕ್ಕೆ ಕಲಿಸಿದ್ದು ನಮ್ಮ ಕಾಲುಗಳೇ. ಬಿಗಿಯುವ ಚೋಕ್ ಚೈನು, ಮುಳ್ಳಿನ ಬೆಲ್ಟು ಹಾಕಿದರೆ ನಾಯಿ ಎಳೆಯುವುದು ನಿಲ್ಲಿಸಬಹುದು, ಜೊತೆಗೆ ನಿಮ್ಮ ಕಡೆ ನೋಡುವುದನ್ನೂ ನಿಲ್ಲಿಸುತ್ತದೆ. ನೋವು ಬರುವುದು ನಿಮ್ಮ ಕಡೆಯಿಂದ ಅಂತ ಅದಕ್ಕೆ ಚೆನ್ನಾಗಿ ಗೊತ್ತು.

ಬೀದಿನಾಯಿಗಳ ವಿಷಯ ಬಿಟ್ಟು ನಮ್ಮ ಊರುಗಳಲ್ಲಿ ನಾಯಿಯ ವಾಕಿಂಗ್ ಬಗ್ಗೆ ಮಾತಾಡಲು ಆಗುವುದಿಲ್ಲ. ಕೋಲ್ಕತ್ತದ ಐಸರ್ ಎಂಬ ವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಬೀದಿನಾಯಿಗಳ ನಡವಳಿಕೆಯನ್ನೇ ಅಧ್ಯಯನ ಮಾಡುವ ತಂಡವಿದೆ. 2017ರಲ್ಲಿ ಅವರು ಪ್ರಕಟಿಸಿದ ಒಂದು ಕೆಲಸದಲ್ಲಿ, ಗುರುತಿಲ್ಲದ ಮನುಷ್ಯ ದಿನಾ ಬಂದು ಕೆಲವು ನಾಯಿಗಳಿಗೆ ತಿನ್ನಲು ಕೊಟ್ಟ, ಕೆಲವಕ್ಕೆ ತಲೆ ಸವರಿದ. ದಿನ ಕಳೆದಂತೆ ಅವನನ್ನು ಹೆಚ್ಚು ನಂಬಿದ್ದು ತಲೆ ಸವರಿಸಿಕೊಂಡ ನಾಯಿಗಳು. ಬರೀ ತಿಂಡಿಯಿಂದ ನಂಟು ಬೆಳೆಯುವುದಿಲ್ಲ ಅಂತ ನಾನು ಹೇಳುವಾಗ ಈ ಬೀದಿನಾಯಿಗಳೇ ನನ್ನ ಸಾಕ್ಷಿ.

ನಿಮ್ಮ ನಾಯಿಯ ಜೊತೆ ಹೋಗುವಾಗ ಎರಡು ಮೂರು ಬೀದಿನಾಯಿ ಬೊಗಳುತ್ತಾ ಬಂದರೆ ಓಡಬೇಡಿ, ಕಲ್ಲೆತ್ತಬೇಡಿ, ಚೈನು ಬಿಗಿ ಮಾಡಬೇಡಿ. ಬಿಗಿ ಮಾಡಿದರೆ ನಿಮ್ಮ ನಾಯಿಯ ಎದೆ ಮೇಲೇಳುತ್ತದೆ, ಎದುರಿನ ನಾಯಿಗೆ ಅದು ಸವಾಲಾಗಿ ಕಾಣುತ್ತದೆ. ರಸ್ತೆಯ ಆಚೆ ಬದಿಗೆ ಬಳಸಿಕೊಂಡು, ಒಂದೇ ವೇಗದಲ್ಲಿ ಹೋಗಿ. ಅಷ್ಟಾದರೂ ಹತ್ತಿರ ಬಂದರೆ ಜೇಬಿನ ಚೂರುಗಳನ್ನು ಒಂದು ಹಿಡಿ ಅವುಗಳ ಕಡೆ ನೆಲಕ್ಕೆ ಚೆಲ್ಲಿ ದಾಟಿ. ನಿಮ್ಮ ರಸ್ತೆಯ ನಾಯಿಗಳಾದರೆ ಮೊದಲು ನೀವೊಬ್ಬರೇ ಹೋಗಿ ಪರಿಚಯ ಮಾಡಿಕೊಳ್ಳುವುದು ಇನ್ನೂ ಒಳ್ಳೆಯದು. ರೇಬೀಸ್ ಲಸಿಕೆ ವರ್ಷ ವರ್ಷ ತಪ್ಪಬಾರದು ಅಂತ ಬೇರೆ ಹೇಳಬೇಕಿಲ್ಲ.

ಈಗ ಬೆಟ್ಟಕ್ಕೆ ಬರೋಣ. ಅದಕ್ಕೆ ಮೊದಲು ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ದಯವಿಟ್ಟು ಜೊತೆಗೆ ಬನ್ನಿ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಒಂದು ಶಾಸನ ಸಿಕ್ಕಿದೆ, ಸುಮಾರು ಕ್ರಿ.ಶ. 950ರದ್ದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನೂ ಗಂಗ ಇಮ್ಮಡಿ ಬೂತುಗನೂ ಸೇರಿ ಚೋಳರನ್ನು ಸೋಲಿಸಿದ ಕಾಲ. ಆ ಯುದ್ಧದಲ್ಲಿ ಮೆರೆದ ಮಣಲೆರ ಎಂಬ ವೀರನಿಗೆ ಒಡೆಯ ‘ಮೆಚ್ಚಿದ್ದೇನೆ, ಏನು ಬೇಕೋ ಕೇಳು’ ಅಂದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದ. ಮುಂದೆ ಬೆಳ್ತೂರಿನ ಪಡುವಣ ಬೆಟ್ಟದಲ್ಲಿ ಕಾಳಿಗೂ ಒಂದು ದೊಡ್ಡ ಹಂದಿಗೂ ಕಾದಾಟ ಬಿತ್ತು, ಎರಡೂ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಾಳಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದಕ್ಕೆ ಪೂಜೆ ನಡೆಯಲಿ ಅಂತ ಭೂಮಿ ಬಿಟ್ಟ. ಆ ಕಲ್ಲು ಈಗ ಬೆಂಗಳೂರಿನ ಕಬ್ಬನ್ ಪಾರ್ಕಿನ ಪಕ್ಕದ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಬ್ಬನ್ ಪಾರ್ಕಿಗೆ ನಾಯಿ ಕರೆದುಕೊಂಡು ಹೋಗುವವರು ಒಂದು ದಿನ ನಾಯಿಯನ್ನು ಮನೆಯಲ್ಲಿ ಬಿಟ್ಟು ಒಳಗೆ ಹೋಗಿ ನೋಡಿ. ನಾಯಿ ಮತ್ತು ಹಂದಿ ಮುಖಾಮುಖಿಯಾಗಿರುವ ಕೆತ್ತನೆ ಅದರಲ್ಲಿದೆ.

ಇದನ್ನು ಯಾಕೆ ಹೇಳಿದೆ ಅಂದರೆ, ನಮ್ಮ ನಾಡಿನಲ್ಲಿ ನಾಯಿ ಮನುಷ್ಯನ ಜೊತೆ ಬೆಟ್ಟ ಹತ್ತಿದ್ದು ಬಹುಮಟ್ಟಿಗೆ ಬೇಟೆಗೆ. ಈಗ ನಾವು ಹೋಗುವುದು ಗಾಳಿಗೆ, ನೋಟಕ್ಕೆ, ನೆಮ್ಮದಿಗೆ. ನಾಯಿಗೆ ಮಾತ್ರ ಆ ಬದಲಾವಣೆ ಗೊತ್ತಿಲ್ಲ. ಮುಧೋಳ ನಾಯಿಯನ್ನೇ ತೆಗೆದುಕೊಳ್ಳಿ. ನಮ್ಮ ಬಾಗಲಕೋಟೆ ಜಿಲ್ಲೆಯ ಹೆಮ್ಮೆ, 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು. ವಾಸನೆಗಿಂತ ಕಣ್ಣಿನಿಂದ ಬೇಟೆಯಾಡುವ ತಳಿ. ದೂರದಲ್ಲಿ ಒಂದು ಮೊಲ ಹೊಲ ದಾಟಿದರೆ ನೀವು ಬಾಯಿ ತೆರೆಯುವಷ್ಟರಲ್ಲಿ ಅದು ಹೋಗಿ ಆಗಿರುತ್ತದೆ. ಎಷ್ಟೇ ಕಲಿಸಿದ್ದರೂ ಮುಧೋಳವನ್ನು ತೆರೆದ ಬಯಲಿನಲ್ಲಿ ಹಗ್ಗವಿಲ್ಲದೆ ಬಿಡಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಉಳಿದ ನಾಯಿಗಳಿಗೂ, ಓಡುವುದಕ್ಕೆ ಮೊದಲು ಒಂದು ಕ್ಷಣ ಕಿವಿ ನಿಮಿರಿಸಿ ಮೈ ಬಿಗಿ ಹಿಡಿದು ನಿಲ್ಲುವುದಿದೆಯಲ್ಲ, ಕರೆಯಬೇಕಾದದ್ದು ಆಗ. ಓಟ ಶುರುವಾದ ಮೇಲೆ ಕೂಗಿದ್ದು ಅದಕ್ಕೆ ಕೇಳಿಸುವುದೇ ಇಲ್ಲ. ಆ ಒಂದು ಕ್ಷಣವನ್ನು ಹಿಡಿಯಬೇಕಾದರೆ ನೀವು ನಾಯಿಯನ್ನೇ ನೋಡುತ್ತಾ ನಡೆಯುತ್ತಿರಬೇಕು.

ಹಳ್ಳಿಯವರ ಆಡು ಕುರಿ ಅಟ್ಟಿದ ನಾಯಿಗೆ ಯಾರೂ ಕರುಣೆ ತೋರಿಸುವುದಿಲ್ಲ, ತೋರಿಸಬೇಕಾಗಿಯೂ ಇಲ್ಲ, ಅದು ಅವರ ಜೀವನ. ಹೊಲದ ಬದುವಿನಲ್ಲಿ ಟಿಟ್ಟಿಭ ಹಕ್ಕಿ ನೆಲದ ಮೇಲೆಯೇ ಮೊಟ್ಟೆ ಇಡುತ್ತದೆ. ಅದು ತಲೆಯ ಮೇಲೆ ಕಿರುಚುತ್ತಾ ಸುತ್ತಿದರೆ ನಾಯಿಯನ್ನು ಹತ್ತಿರ ಕರೆದು ಆ ಜಾಗ ಬಿಟ್ಟು ನಡೆಯಿರಿ.

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ ನಾಯಿ ಒಯ್ಯುವಂತಿಲ್ಲ. ಕುಮಾರಪರ್ವತ ಪುಷ್ಪಗಿರಿ ಅಭಯಾರಣ್ಯದೊಳಗಿದೆ, ಕುದುರೆಮುಖ ರಾಷ್ಟ್ರೀಯ ಉದ್ಯಾನ. ಫೋಟೋ ಚೆನ್ನಾಗಿ ಬರುತ್ತದೆ ಅಂತ ಕದ್ದು ಕರೆದೊಯ್ಯುವವರ ಮೇಲೆ ನನಗೆ ನಿಜವಾಗಿ ಸಿಟ್ಟಿದೆ. ನಾಯಿಗಳಿಗೆ ಬರುವ ಡಿಸ್ಟೆಂಪರ್ ರೋಗದ ವೈರಸ್ಸು ಕಾಡುಪ್ರಾಣಿಗಳಿಗೂ ಹಬ್ಬುತ್ತದೆ. 2018ರಲ್ಲಿ ಗಿರ್ ಅರಣ್ಯದಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಅವುಗಳಲ್ಲಿ ಈ ವೈರಸ್ಸು ಸಿಕ್ಕಿತ್ತು. ನಮ್ಮ ಕಾಡುಗಳ ಸೀಳುನಾಯಿಗಳೂ ಇದೇ ನಾಯಿ ಕುಟುಂಬದವು. ಕಾಡಂಚಿನ ಹಳ್ಳಿಗೆ, ಹೋಂಸ್ಟೇಗೆ ಹೋಗುವುದಿದ್ದರೂ ಲಸಿಕೆಗಳೆಲ್ಲ ಆಗಿರಲೇಬೇಕು.

ಇನ್ನೊಂದು ಕಡೆಯ ಅಪಾಯ ಚಿರತೆ. ಮಹಾರಾಷ್ಟ್ರದ ಅಕೋಲೆಯ ಕಬ್ಬಿನ ಗದ್ದೆಗಳ ನಡುವೆ ಬದುಕುವ ಚಿರತೆಗಳ ಆಹಾರ ಅಧ್ಯಯನ ಮಾಡಿದಾಗ, ತೂಕದ ಲೆಕ್ಕದಲ್ಲಿ ಶೇ 39ರಷ್ಟು ನಾಯಿಗಳೇ ಇದ್ದವು. ರಾಮನಗರದ ಬೆಟ್ಟಗಳು, ಬನ್ನೇರುಘಟ್ಟದ ಸುತ್ತಮುತ್ತ, ಮೈಸೂರಿನ ಚಾಮುಂಡಿ ಬೆಟ್ಟ, ಎಲ್ಲ ಚಿರತೆ ಓಡಾಡುವ ಜಾಗಗಳೇ. ಸೂರ್ಯ ಪೂರ್ತಿ ಮೇಲೆ ಬರುವ ಮೊದಲು, ಮುಳುಗಿದ ಮೇಲೆ ಇಂಥ ಕಡೆ ನಾಯಿಯ ಜೊತೆ ನಡೆಯಬೇಡಿ. ಹೋಂಸ್ಟೇಯಲ್ಲಿ ರಾತ್ರಿ ಜಗುಲಿಯಲ್ಲಿ ಕಟ್ಟಬೇಡಿ, ಒಳಗೆ ಮಲಗಿಸಿ.

ಮಲೆನಾಡಿನ ತೋಟಗಳಿಗೆ ಹೋಗುವವರು ಮಾಲೀಕರನ್ನು ಎರಡು ಪ್ರಶ್ನೆ ಕೇಳಲೇಬೇಕು. ಸುತ್ತಮುತ್ತ ಎಲ್ಲಾದರೂ ಹಂದಿಗೆ ಉರುಳು ಹಾಕಿದ್ದಾರಾ? ಕೇಬಲ್ಲಿನ ಉರುಳು ಕಾನೂನಿಗೆ ವಿರುದ್ಧ, ಆದರೂ ಬೇಲಿ ಸಂದಿಯಲ್ಲಿ ಹಾಕುವವರಿದ್ದಾರೆ. ಹಂದಿಗೆ ಇಟ್ಟಿದ್ದಕ್ಕೆ ನಾಯಿಯೂ ಬೀಳುತ್ತದೆ, ಚಿರತೆಯೂ ಬೀಳುತ್ತದೆ. ಎರಡನೆಯದು, ಬಸವನಹುಳುವಿಗೆ ಮೆಟಾಲ್ಡಿಹೈಡ್ ಎಂಬ ವಿಷದ ಗುಳಿಗೆ ಹಾಕಿದ್ದಾರಾ? ಅದರ ರುಚಿ ನಾಯಿಗೆ ಇಷ್ಟ. ತಿಂದರೆ ಸ್ವಲ್ಪ ಹೊತ್ತಿಗೇ ನಡುಕ, ಸೆಳೆತ ಶುರುವಾಗುತ್ತದೆ, ತಡ ಮಾಡಿದರೆ ಉಳಿಯುವುದಿಲ್ಲ. ‘ಬಿಡು’ ಅಂದರೆ ಬಾಯಲ್ಲಿರುವುದನ್ನು ಬಿಡುವ ಅಭ್ಯಾಸವನ್ನು ಮನೆಯಲ್ಲಿ ಚಪ್ಪಲಿಗಾಗಿ ಕಲಿಸಿದ್ದರೂ ಅದು ಜೀವ ಉಳಿಸುವುದು ಇಲ್ಲಿ.

ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ತೇಕುವುದೇ ಅದರ ಮುಖ್ಯ ದಾರಿ, ಅಂಗಾಲಿನಲ್ಲಿ ಒಂದಿಷ್ಟು ಬೆವರು. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯವಕ್ಕೆ ತೇಕುವುದೂ ಕಷ್ಟ. ಅವನ್ನು ಬೆಟ್ಟ ಹತ್ತಿಸಬೇಡಿ, ಚಳಿ ದೇಶದ ತಳಿಯಾದ ಹಸ್ಕಿಯನ್ನು ಬೇಸಿಗೆಯಲ್ಲಿ ಹತ್ತಿಸಬೇಡಿ. ಬಂಡೆಯ ಮೇಲೋ ಡಾಂಬರಿನ ಮೇಲೋ ನಿಮ್ಮ ಮುಂಗೈಯ ಹಿಂಭಾಗವನ್ನು ಏಳು ಸೆಕೆಂಡು ಇಡಿ. ನಿಮಗೆ ತಡೆಯಲಾಗದಿದ್ದರೆ ಅದರ ಅಂಗಾಲೂ ಸುಡುತ್ತದೆ. ಮಾರ್ಚ್‌ನಿಂದ ಮೇ ತನಕ ನಮ್ಮ ಬಯಲುಸೀಮೆಯ ಬಂಡೆಗಳು ಬೆಳಿಗ್ಗೆ ಒಂಬತ್ತಕ್ಕೆಲ್ಲ ಕಾದಿರುತ್ತವೆ. ನಾಯಿಯ ಮೈ ಸಾಮಾನ್ಯವಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್, 41 ದಾಟಿದರೆ ಪ್ರಾಣಕ್ಕೆ ಅಪಾಯ. ಜೊಲ್ಲು ಗಟ್ಟಿಯಾಗಿ, ವಸಡು ಕೆಂಪಡರಿ, ಹೆಜ್ಜೆ ತಡವರಿಸಿದರೆ ನೆರಳಿಗೆ ತಂದು ಮೈಮೇಲೆ ನೀರು ಸುರಿದು ಗಾಳಿ ಹಾಕಿ, ತಕ್ಷಣ ಪಶುವೈದ್ಯರ ಹತ್ತಿರ ಹೊರಡಿ. ನಿಮ್ಮ ನೀರಿನ ಬಾಟಲಿಯಲ್ಲದೆ ಅದಕ್ಕೇ ಅಂತ ಬೇರೆ ನೀರು ಇರಲಿ. ಇಪ್ಪತ್ತು ಕಿಲೋ ತೂಕದ ನಾಯಿಗೆ ಸುಮ್ಮನೆ ಮನೆಯಲ್ಲಿದ್ದರೂ ದಿನಕ್ಕೆ ಒಂದು ಲೀಟರಿನಷ್ಟು ಬೇಕು. ನಿಂತ ನೀರು ಕುಡಿಯಲು ಬಿಡಬೇಡಿ, ಇಲಿಜ್ವರ ಬರುವುದು ಅಲ್ಲಿಂದ.

ಹಾವು ಕಚ್ಚಿದರೆ ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ನಡೆಸಬೇಡಿ. ಎತ್ತಿಕೊಂಡು ಬನ್ನಿ. ಹೋಗುವ ಮೊದಲೇ ಹತ್ತಿರದ ಪಶು ಆಸ್ಪತ್ರೆಯ ಫೋನ್ ನಂಬರ್ ಬರೆದುಕೊಂಡಿರಬೇಕು, ಬೆಟ್ಟದಲ್ಲಿ ನೆಟ್‌ವರ್ಕ್ ಇರುವುದಿಲ್ಲ.

ಮನೆಗೆ ಬಂದ ಮೇಲೆ ಇಪ್ಪತ್ತು ನಿಮಿಷ ಅದರ ಮೈಗೆ ಮೀಸಲಿಡಿ. ಕಿವಿಯ ಒಳಗೆ, ಬೆಲ್ಟಿನ ಕೆಳಗೆ, ಕಾಲ್ಬೆರಳ ಸಂದಿ, ಕಂಕುಳು, ಬಾಲದ ಬುಡ. ಮಳೆಗಾಲದಲ್ಲಿ ಇಂಬಳ (ಜಿಗಣೆ) ಮೂಗಿನೊಳಗೂ ಸೇರುತ್ತದೆ. ಉಣುಗು (ಉಣ್ಣೆ ಹುಳು) ಸಿಕ್ಕಿದರೆ ಚಿಮಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ ಬೇಡ, ಬೆಂಕಿಕಡ್ಡಿ ಬೇಡ, ಬರಿಗೈಯಲ್ಲಿ ಹೊಸಕಬೇಡಿ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಮನುಷ್ಯರಿಗೆ ಹರಡುವುದು ಉಣುಗಿನಿಂದ. ಚಳಿಗಾಲದಿಂದ ಬೇಸಿಗೆ ಕೊನೆಯವರೆಗೆ ಅದರ ಕಾಲ. ಕಾಡಿನ ಉಣುಗು ನಾಯಿಯ ಮೈಮೇಲೆ ಕೂತು ನಿಮ್ಮ ಮನೆಯ ಚಾಪೆಗೆ ಬರಬಹುದು. ಆ ಭಾಗದಲ್ಲಿ ಕಾಯಿಲೆ ಕಾಣಿಸಿಕೊಂಡ ಸುದ್ದಿ ಇದ್ದಾಗ ನಾಯಿಯನ್ನು ಕಾಡಿನ ದಾರಿಗೆ ಕರೆದುಕೊಂಡು ಹೋಗಲೇಬೇಡಿ. ನಾಯಿಗೆ ಬರುವ ಉಣ್ಣೆ ಜ್ವರ ಬೇರೆ. ಮಂಕಾಗಿ, ಊಟ ಬಿಟ್ಟು, ವಸಡು ಬಿಳಿಚಿಕೊಂಡರೆ ರಕ್ತ ಪರೀಕ್ಷೆ ಮಾಡಿಸಿ. ಹೀಗೆ ದಿನಾ ಮೈ ಮುಟ್ಟಿ ನೋಡಿಸಿಕೊಂಡ ನಾಯಿ, ಕಾಲಿಗೆ ಮುಳ್ಳು ಚುಚ್ಚಿದರೆ ತಾನೇ ಬಂದು ಕಾಲು ಕೊಡುತ್ತದೆ.

ಮಾತು ಶುರುವಾಗುವ ಮೊದಲು ಇಬ್ಬರು ನನ್ನ ಹತ್ತಿರ ಬಂದು ಪ್ರಶ್ನೆ ಕೇಳಿದ್ದರು. ಒಬ್ಬರದ್ದು ನಾಲ್ಕು ತಿಂಗಳ ಲ್ಯಾಬ್ರಡಾರ್ ಮರಿ, ಬೆಟ್ಟಕ್ಕೆ ಯಾವಾಗ ಕರೆದೊಯ್ಯಬಹುದು ಅಂತ. ದೊಡ್ಡ ತಳಿಗಳ ಮೂಳೆಯ ತುದಿಗಳು ಗಟ್ಟಿಯಾಗಲು ಒಂದು ವರ್ಷದಿಂದ ಒಂದೂವರೆ ವರ್ಷ ಬೇಕು. ಅಲ್ಲಿಯವರೆಗೆ ಉದ್ದದ ಏರು, ಎತ್ತರದಿಂದ ಜಿಗಿತ ಬೇಡ. ಆದರೆ ಮರಿಗೆ ಲೋಕದ ಪರಿಚಯವಾಗುವ ವಯಸ್ಸು ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರ, ಅದು ಲಸಿಕೆ ಮುಗಿಯುವ ಮೊದಲೇ ಕಳೆದುಹೋಗುತ್ತದೆ. ಹಾಗಾಗಿ ಮುಂದೆ ಮರಿ ತರುವವರು ಎತ್ತಿಕೊಂಡಾದರೂ ಬಸ್ಸಿನ ಸದ್ದು, ದನ, ಛತ್ರಿ ಹಿಡಿದವರು, ಗಡ್ಡದವರು, ಮಕ್ಕಳು, ಎಲ್ಲವನ್ನೂ ತೋರಿಸಿ. ನಿಮ್ಮ ಮರಿಗೆ ಆ ವಯಸ್ಸು ದಾಟಿದ್ದರೂ ಕಾಲ ಪೂರ್ತಿ ಮೀರಿಲ್ಲ, ಈಗಲೇ ಶುರು ಮಾಡಿ, ನಿಧಾನವಾಗಿ, ಅದು ಹೆದರಿದರೆ ದೂರ ಸರಿದು.

ಇನ್ನೊಬ್ಬರ ನಾಯಿಗೆ ಹದಿಮೂರು ವರ್ಷ. ಹಿಂಗಾಲು ಸೋಲುತ್ತದೆ, ಕಣ್ಣು ಮಂಜು, ಇನ್ನು ವಾಕಿಂಗ್ ನಿಲ್ಲಿಸಿಬಿಡಲೇ ಅಂತ ಕೇಳಿದರು. ನಿಲ್ಲಿಸಬೇಡಿ. ವೈದ್ಯರನ್ನು ಕಂಡು ಕೀಲುನೋವಿಗೆ ಔಷಧಿ ಕೊಡಿಸಿ. ಮೆಟ್ಟಿಲು ಇದ್ದರೆ ಹೊಟ್ಟೆಯ ಕೆಳಗೆ ಒಂದು ಟವೆಲ್ ಹಾಕಿ ಹಿಂಭಾಗ ಎತ್ತಿ ಹಿಡಿದು ಇಳಿಸಿ. ಗೇಟಿನಿಂದ ಮೂರನೇ ಮನೆಯವರೆಗೆ ಹೋದರೂ ಸಾಕು, ಎಷ್ಟು ಹೊತ್ತು ಬೇಕೋ ಅಷ್ಟು ಮೂಸಲಿ, ಮೂಗು ಇನ್ನೂ ಚೆನ್ನಾಗಿಯೇ ಇರುತ್ತದೆ. ಕಣ್ಣು ಕಾಣದ ನಾಯಿ ತಿರುಗಿ ನೋಡುವುದರ ಬದಲು ನಿಂತು ಕಿವಿಗೊಡುತ್ತದೆ. ಅದು ನಿಂತಾಗ ಹೆಸರು ಹಿಡಿದು ಮಾತಾಡಿಸಿ, ಅಥವಾ ಬೆನ್ನ ಮೇಲೆ ಕೈಯಿಡಿ.